ಆಟದ ಗಾಡಿಯೊಳಗಿನ ಎರಡು ಯಂತ್ರಗಳು

ಅಂಗೈಯಗಲದ ಗಾಜಿನ ಪರದೆಯ ಮೇಲೆ ಏರಿಳಿಯುವ ಗುಡ್ಡಗಳದೊಂದು ಸಾಲು. ಆ ಗುಡ್ಡಗಳನ್ನು ಒಂದೊಂದಾಗಿ ಹತ್ತಿ ಇಳಿಯುತ್ತ ಕುಪ್ಪಳಿಸಿ ಸಾಗುವ ಪುಟ್ಟದೊಂದು ಜೀಪು. ಜೀಪಿನಲ್ಲಿ ಒಬ್ಬನೇ ಒಬ್ಬ ಚಾಲಕ. ಚಿತ್ರವೆಲ್ಲ ಮಕ್ಕಳ ಪುಸ್ತಕದ ವ್ಯಂಗ್ಯಚಿತ್ರದಂತೆ ಸರಳವಾದುದು. ಇದು ‘ಹಿಲ್ ಕ್ಲೈಂಬ್ ರೇಸಿಂಗ್’ ಎಂಬ ವಿಡಿಯೊ ಆಟ. ಫಿನ್ಲೆಂಡ್ ದೇಶದ ಔಲು ನಗರದ ಫಿಂಗರ್‌ಸಾಫ್ಟ್ ಸಂಸ್ಥೆಯ ಟೋನಿ ಫಿಂಗರ್‌ರೂಸ್ ಎಂಬವರು ಇದನ್ನು ರಚಿಸಿ ೨೦೧೨ರಲ್ಲಿ ಹೊರತಂದರು. ಚಾಲಕನ ಹೆಸರು ನ್ಯೂಟನ್ ಬಿಲ್. ಈ ಹೆಸರು ಎಷ್ಟು ಸಾರ್ಥಕವಾದುದೆಂಬುದನ್ನು ಮುಂದೆ ನೋಡೋಣ.

ಆಟದ ನಿಯಮಗಳು ಬೆರಳೆಣಿಕೆಯವು. ಪರದೆಯ ಬಲತುದಿಯಲ್ಲಿ ಆಕ್ಸಲರೇಟರ್, ಎಡತುದಿಯಲ್ಲಿ ಬ್ರೇಕು. ಎಡಬಲಕ್ಕೆ ತಿರುಗಿಸುವ ಚಕ್ರವಿಲ್ಲ. ಕಾಲ ಸರಿದಂತೆ ಗಾಡಿಯ ಇಂಧನ ಕರಗುತ್ತದೆ. ದಾರಿಯಲ್ಲಿ ಸಿಕ್ಕುವ ಡಬ್ಬಿಗಳಿಂದ ಅದು ಮತ್ತೆ ತುಂಬುತ್ತದೆ. ಇಂಧನ ಮುಗಿದರೆ, ಇಲ್ಲವೆ ಗಾಡಿ ಮಗುಚಿ ಚಾಲಕನ ತಲೆ ನೆಲಕ್ಕೆ ಬಡಿದರೆ, ಆಟ ಮುಗಿಯಿತು. ದಾರಿಯುದ್ದಕ್ಕೂ ನಾಣ್ಯಗಳು ಚೆಲ್ಲಿವೆ. ಆಟದ ಮೊದಲಲ್ಲಿ ಹಳ್ಳಿಗಾಡಿನ ರಸ್ತೆ ಮತ್ತು ಒಂದು ಜೀಪು ಇವಿಷ್ಟೇ ಆಟಗಾರನ ಪಾಲಿಗೆ ತೆರೆದಿರುತ್ತವೆ. ಮರುಭೂಮಿ, ಹಿಮಪ್ರದೇಶ, ಚಂದ್ರ, ಮಂಗಳ ಮೊದಲಾದ ರಂಗಗಳಿಗೂ ಬೇರೆ ಬೇರೆ ವಾಹನಗಳಿಗೂ ಬೀಗ ಹಾಕಿದೆ. ಕೂಡಿಟ್ಟ ನಾಣ್ಯಗಳೇ ಆ ಬೀಗಗಳ ಕೀಲಿಕೈ.

ಇಷ್ಟು ಸರಳವಾದ ಆಟವೊಂದು ಕೋಟ್ಯಂತರ ಜನರ ಕೈಗೆ ಅಂಟಿಕೊಂಡ ಬಗೆ ಹೇಗೆ? ಈ ಗಾಡಿಯೊಳಗೆ ಒಂದಲ್ಲ, ಎರಡು ಯಂತ್ರಗಳಿವೆ ಎಂಬುದೇ ಇದಕ್ಕೆ ಉತ್ತರ. ಮೊದಲನೆಯದು ಚಕ್ರ, ಸ್ಪ್ರಿಂಗು, ಗುರುತ್ವ ಇವುಗಳಿಂದಾದ ಯಂತ್ರ. ಅದು ಚಲನೆಯ ನಿಯಮಗಳಿಗೆ ಬದ್ಧವಾಗಿ ನಡೆಯುತ್ತದೆ. ಎರಡನೆಯದು ಬೀಗ, ನಾಣ್ಯ, ಗುರಿ ಇವುಗಳಿಂದಾದ ಯಂತ್ರ. ಅದು ನಡೆಯುವುದು ಆಟಗಾರನ ಮನಸ್ಸಿನೊಳಗೆ. ಮೊದಲನೆಯದನ್ನು ಅರಿತವನು ಆಟವನ್ನು ಚೆನ್ನಾಗಿ ಆಡಬಲ್ಲನು; ಎರಡನೆಯದನ್ನು ಅರಿತವನು ಆಟವನ್ನು ಬೇಕೆಂದಾಗ ನಿಲ್ಲಿಸಬಲ್ಲನು. ವಿದ್ಯಾರ್ಥಿಗೆ ಎರಡೂ ಅವಶ್ಯಕ.

ಕಾಲವನ್ನು ಹೋಳು ಮಾಡುವ ಲೆಕ್ಕ

ಗುಡ್ಡದ ನೆತ್ತಿಯಿಂದ ಹಾರಿದ ಜೀಪು ನೆಲಕ್ಕೆ ಬೀಳುವುದನ್ನು ಪರದೆಯ ಮೇಲೆ ಕಾಣುತ್ತೇವೆ. ಅಲ್ಲಿ ನಿಜವಾಗಿ ಬೀಳುವ ವಸ್ತುವೇನೂ ಇಲ್ಲ. ಇರುವುದು ಅಂಕಿಗಳು ಮಾತ್ರ. ಈ ಅಂಕಿಗಳನ್ನು ಕಂಪ್ಯೂಟರು ಹೇಗೆ ಬೀಳಿಸುತ್ತದೆ?

ಸಿನಿಮಾದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಒಂದರ ಹಿಂದೊಂದು ಸರಿದು ಚಲನೆಯ ಭ್ರಮೆ ಹುಟ್ಟುತ್ತದಷ್ಟೆ. ವಿಡಿಯೊ ಆಟಗಳಲ್ಲಿ ಸಾಮಾನ್ಯವಾಗಿ ಸೆಕೆಂಡನ್ನು ೬೦ ಹೋಳುಗಳಾಗಿ ಮಾಡುತ್ತಾರೆ. ಪ್ರತಿಯೊಂದು ಹೋಳಿನಲ್ಲಿಯೂ ಯಂತ್ರ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತದೆ: ವಸ್ತುವಿನ ಮೇಲೆ ಈಗ ಯಾವ ಬಲಗಳಿವೆ? ಅವುಗಳಿಂದ ವೇಗ ಎಷ್ಟು ಬದಲಾಯಿತು? ಆ ವೇಗದಿಂದ ವಸ್ತು ಎಷ್ಟು ದೂರ ಸರಿಯಿತು? ಉತ್ತರ ಬಂದೊಡನೆ ಹೊಸ ಚಿತ್ರವನ್ನು ಬರೆದು ಮತ್ತೆ ಮೊದಲಿನಿಂದ ಅದೇ ಲೆಕ್ಕವನ್ನು ಹೂಡುತ್ತದೆ.

ಇದನ್ನು ವಾಚಕರು ಕಾಗದದ ಮೇಲೆಯೇ ಮಾಡಿ ನೋಡಬಹುದು. ಒಂದು ಕಲ್ಲು ಕೆಳಗೆ ಬೀಳುತ್ತಿದೆ ಎನ್ನೋಣ. ಗುರುತ್ವದಿಂದಾಗುವ ವೇಗೋತ್ಕರ್ಷ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ೧೦ ಮೀಟರು ಎಂದಿಟ್ಟುಕೊಂಡು, ಒಂದು ಸೆಕೆಂಡನ್ನು ಹತ್ತು ಹೋಳು ಮಾಡೋಣ. ಆಗ ಪ್ರತಿ ಹೋಳಿಗೂ ವೇಗ ಸೆಕೆಂಡಿಗೆ ೧ ಮೀಟರಿನಷ್ಟು ಹೆಚ್ಚುತ್ತದೆ. ಮೊದಲ ಹೋಳಿನಲ್ಲಿ ವೇಗ ೧, ಎರಡನೆಯದರಲ್ಲಿ ೨, ಹತ್ತನೆಯದರಲ್ಲಿ ೧೦. ಒಂದೊಂದು ಹೋಳಿನಲ್ಲಿ ಸರಿದ ದೂರ ಆಯಾ ವೇಗದ ಹತ್ತನೆಯ ಒಂದು ಭಾಗ. ೧ರಿಂದ ೧೦ರ ವರೆಗಿನ ಅಂಕಿಗಳ ಮೊತ್ತ ೫೫. ಹತ್ತರಿಂದ ಭಾಗಿಸಿದರೆ ಕಲ್ಲು ಬಿದ್ದ ದೂರ ೫.೫ ಮೀಟರು. ಪಠ್ಯಪುಸ್ತಕದ ಸೂತ್ರದಂತೆ ಬರಬೇಕಾದ ಉತ್ತರ ೫ ಮೀಟರು. ಹೋಳುಗಳನ್ನು ೬೦ಕ್ಕೆ ಏರಿಸಿದರೆ ಇದೇ ಲೆಕ್ಕ ೫.೦೮ ಮೀಟರನ್ನು ಕೊಡುತ್ತದೆ. ಹೋಳು ಸಣ್ಣದಾದಷ್ಟೂ ಆಟದ ಕಲ್ಲು ನಿಜವಾದ ಕಲ್ಲಿಗೆ ಹತ್ತಿರವಾಗುತ್ತದೆ. ಕಲನಶಾಸ್ತ್ರದ ಮೂಲತತ್ತ್ವವೇ ಇಲ್ಲಿ ಆಟದ ವೇಷ ತೊಟ್ಟು ನಿಂತಿದೆ.

ಇಂಥ ಲೆಕ್ಕವನ್ನು ಆಟ ರಚಿಸುವ ಪ್ರತಿಯೊಬ್ಬನೂ ಹೊಸದಾಗಿ ಹೂಡಬೇಕಾಗಿಲ್ಲ. ಎರಿನ್ ಕ್ಯಾಟೊ ಎಂಬವರು ೨೦೦೭ರಲ್ಲಿ ಬಿಡುಗಡೆ ಮಾಡಿದ ‘ಬಾಕ್ಸ್-೨ಡಿ’ ಎಂಬ ಗಣನಕ್ರಮವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಿಕೊಳ್ಳಬಹುದು. ೨೦೦೯ರಲ್ಲಿ ಫಿನ್ಲೆಂಡಿನಿಂದಲೇ ಹೊರಟು ಲೋಕಪ್ರಸಿದ್ಧವಾದ ‘ಆಂಗ್ರಿ ಬರ್ಡ್ಸ್’ ಆಟದ ಹಕ್ಕಿಗಳು ಬಾಗಿ ಹಾರಿ ಮರದ ತೊಲೆಗಳನ್ನು ಕೆಡವಿದ್ದು ಈ ಲೆಕ್ಕದ ಬಲದಿಂದಲೇ.

ಏರಿನಲ್ಲಿ ಮೂತಿ ಏಳುವುದೇಕೆ?

ಹೊಸದಾಗಿ ಆಡುವವನು ಮಾಡುವ ಮೊದಲ ಕೆಲಸವೆಂದರೆ ಕಡಿದಾದ ಏರಿನಲ್ಲಿ ಆಕ್ಸಲರೇಟರನ್ನು ಬಲವಾಗಿ ಒತ್ತಿ ಹಿಡಿಯುವುದು. ಜೀಪಿನ ಮೂತಿ ಮೇಲೆದ್ದು, ಗಾಡಿ ಬೆನ್ನ ಮೇಲೆ ಮಗುಚಿ, ಆಟ ಮುಗಿಯುತ್ತದೆ. ಗಾಡಿಗೆ ಬಲ ಸಾಲದೆ ಹೀಗಾಯಿತೆಂದು ಬಗೆದು ಅವನು ಸಿಕ್ಕಿದ ನಾಣ್ಯಗಳನ್ನೆಲ್ಲ ಎಂಜಿನ್ನಿನ ಬಲವರ್ಧನೆಗೆ ಸುರಿಯುತ್ತಾನೆ. ಮೂತಿ ಮೊದಲಿಗಿಂತ ಬೇಗನೆ ಏಳತೊಡಗುತ್ತದೆ!

ಕಾರಣ ಹೀಗಿದೆ. ಹಿಂದಿನ ಚಕ್ರ ನೆಲವನ್ನು ಹಿಂದಕ್ಕೆ ನೂಕುತ್ತದೆ. ಪ್ರತಿಕ್ರಿಯೆಯಾಗಿ ನೆಲ ಚಕ್ರವನ್ನು ಮುಂದಕ್ಕೆ ನೂಕುತ್ತದೆ. ಈ ಬಲ ಬೀಳುವುದು ನೆಲದ ಮಟ್ಟದಲ್ಲಿ; ಗಾಡಿಯ ಗುರುತ್ವಕೇಂದ್ರವಿರುವುದು ಅದಕ್ಕಿಂತ ಮೇಲೆ. ನಿಂತ ಬಸ್ಸು ಥಟ್ಟನೆ ಹೊರಟಾಗ ಕಾಲು ಮುಂದೆ ಸಾಗಿ ತಲೆ ಹಿಂದೆ ಉಳಿದು ಪ್ರಯಾಣಿಕ ಬೆನ್ನ ಕಡೆಗೆ ವಾಲುತ್ತಾನಲ್ಲವೆ? ಜೀಪಿಗೂ ಅದೇ ಗತಿ. ಹಾಗೆ ವಾಲದಂತೆ ತಡೆಯುವುದು ಹಿಂದಿನ ಚಕ್ರಕ್ಕಿಂತ ಮುಂದೆ ಕೆಳಮುಖವಾಗಿ ಎಳೆಯುತ್ತಿರುವ ಗಾಡಿಯ ತೂಕ. ಆದರೆ ಏರು ಕಡಿದಾದಂತೆಲ್ಲ ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ರೇಖೆ ಹಿಂದಿನ ಚಕ್ರದತ್ತ ಸರಿಯುತ್ತ ಬರುತ್ತದೆ. ತೂಕದ ಹಿಡಿತ ಸಡಿಲವಾಗುತ್ತದೆ.

ಒಂದು ಗಾಡಿಯ ಗುರುತ್ವಕೇಂದ್ರ ನೆಲದಿಂದ ೮೦ ಸೆಂಟಿಮೀಟರು ಮೇಲೆಯೂ ಹಿಂದಿನ ಚಕ್ರ ನೆಲ ಮುಟ್ಟುವ ಸ್ಥಳದಿಂದ ೮೦ ಸೆಂಟಿಮೀಟರು ಮುಂದೆಯೂ ಇದೆ ಎನ್ನೋಣ. ಸಮತಟ್ಟಾದ ರಸ್ತೆಯಲ್ಲಿ ವೇಗೋತ್ಕರ್ಷ ಗುರುತ್ವದ ವೇಗೋತ್ಕರ್ಷಕ್ಕೆ ಸಮನಾಗುವ ವರೆಗೆ ಮೂತಿ ಏಳುವುದಿಲ್ಲ. ೩೦ ಡಿಗ್ರಿಯ ಏರಿನಲ್ಲಿ ಈ ಮಿತಿ ಅದರ ೦.೩೭ ಭಾಗಕ್ಕೆ, ಎಂದರೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿಗೆ, ಇಳಿಯುತ್ತದೆ. ೪೫ ಡಿಗ್ರಿಯ ಏರಿನಲ್ಲಿ ತೂಗುಗುಂಡಿನ ರೇಖೆ ಹಿಂದಿನ ಚಕ್ರದ ಮೇಲೆಯೇ ಹಾಯ್ದು ಮಿತಿ ಸೊನ್ನೆಯಾಗುತ್ತದೆ. ಅಲ್ಲಿ ಆಕ್ಸಲರೇಟರನ್ನು ತುಸು ತಟ್ಟಿದರೂ ಗಾಡಿ ಮಗುಚುವುದು. ಆದುದರಿಂದ ಬುದ್ಧಿವಂತ ಆಟಗಾರನು ಏರಿನ ಬುಡಕ್ಕೆ ಬರುವ ಮೊದಲೇ, ಸಮನೆಲದಲ್ಲಿ, ವೇಗವನ್ನು ಕೂಡಿಸಿಕೊಳ್ಳುತ್ತಾನೆ. ಏರಿನಲ್ಲಿ ಆಕ್ಸಲರೇಟರನ್ನು ಹಗುರವಾಗಿ ಬಿಟ್ಟು ಬಿಟ್ಟು ಒತ್ತುತ್ತಾನೆ. ತಳದಲ್ಲಿ ಗಳಿಸಿದ ಚಲನಶಕ್ತಿಯೇ ಎತ್ತರದಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಅವನನ್ನು ನೆತ್ತಿಗೆ ಮುಟ್ಟಿಸುತ್ತದೆ.

ಆಕಾಶದಲ್ಲಿ ಲಾಗ

ನೆತ್ತಿ ದಾಟಿದ ಜೀಪು ಗಾಳಿಗೆ ಹಾರುತ್ತದೆ. ಈಗ ಚಕ್ರಗಳ ಕೆಳಗೆ ನೆಲವಿಲ್ಲ. ಆದರೂ ಆಕ್ಸಲರೇಟರನ್ನು ಒತ್ತಿದರೆ ಮೂತಿ ಮೇಲಕ್ಕೂ, ಬ್ರೇಕನ್ನು ಒತ್ತಿದರೆ ಮೂತಿ ಕೆಳಕ್ಕೂ ತಿರುಗುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದೆಡೆ ಗಾಡಿ ಯಾವುದನ್ನು ಆಧರಿಸಿ ತಿರುಗಿತು?

ತನ್ನ ಚಕ್ರಗಳನ್ನೇ ಆಧರಿಸಿ. ಗಾಳಿಯಲ್ಲಿರುವ ಗಾಡಿಯ ಮೇಲೆ ಗುರುತ್ವವೊಂದೇ ಮುಖ್ಯ ಬಲ. ಅದು ಗುರುತ್ವಕೇಂದ್ರದ ಮೂಲಕ ಹಾಯುವುದರಿಂದ ಗಾಡಿಯನ್ನು ಕೆಳಗಿಳಿಸಬಲ್ಲುದೇ ಹೊರತು ತಿರುಗಿಸಲಾರದು. ಆದಕಾರಣ ಒಡಲು ಮತ್ತು ಚಕ್ರಗಳ ಒಟ್ಟು ಕೋನೀಯ ಸಂವೇಗ ಬದಲಾಗುವಂತಿಲ್ಲ. ಚಕ್ರಗಳು ಮುಂದಕ್ಕೆ ವೇಗವಾಗಿ ಸುತ್ತತೊಡಗಿದರೆ ಲೆಕ್ಕ ಸರಿದೂಗಲು ಒಡಲು ಹಿಂದಕ್ಕೆ ತಿರುಗಬೇಕು. ಸುತ್ತುತ್ತಿದ್ದ ಚಕ್ರಗಳನ್ನು ಬ್ರೇಕು ತಡೆದರೆ ಅವುಗಳ ಸಂವೇಗ ಒಡಲಿಗೆ ವರ್ಗವಾಗಿ ಒಡಲು ಮುಂದಕ್ಕೆ ತಿರುಗಬೇಕು. ಗುಡ್ಡಗಾಡಿನ ಮೋಟಾರ್ ಸೈಕಲ್ ಪಂದ್ಯದ ಸವಾರರು ಗಾಳಿಯಲ್ಲಿರುವಾಗ ಈ ಉಪಾಯದಿಂದಲೇ ತಮ್ಮ ವಾಹನವನ್ನು ನೇರಮಾಡಿಕೊಂಡು ಇಳಿಯುತ್ತಾರೆ.

ನಿಜವಾದ ಜೀಪು ಇದರಿಂದ ಪೂರ್ತಿ ಲಾಗ ಹಾಕಬಲ್ಲುದೆ? ಒಂದು ಅಂದಾಜು ಮಾಡೋಣ. ಒಡಲಿನ ಜಡತ್ವಭ್ರಾಮಕ ನಾಲ್ಕು ಚಕ್ರಗಳ ಒಟ್ಟು ಜಡತ್ವಭ್ರಾಮಕಕ್ಕಿಂತ ಸುಮಾರು ನಾನೂರು ಮಡಿ ಹೆಚ್ಚು ಎಂದು ಹಿಡಿದರೆ, ಚಕ್ರಗಳು ಸೆಕೆಂಡಿಗೆ ಎಂಟು ಸುತ್ತಿನ ವೇಗವನ್ನು ಪಡೆದಾಗ ಒಡಲು ಸೆಕೆಂಡಿಗೆ ಸುಮಾರು ೭ ಡಿಗ್ರಿ ಮಾತ್ರ ತಿರುಗುತ್ತದೆ. ಆಟದಲ್ಲಾದರೋ ಜೀಪು ಕ್ಷಣಾರ್ಧದಲ್ಲಿ ಬುಗುರಿಯಾಗುತ್ತದೆ. ವ್ಯಂಗ್ಯಚಿತ್ರಕಾರನು ಮನುಷ್ಯನ ಮೂಗನ್ನು ಹಿಗ್ಗಿಸಿ ಬರೆದರೂ ಇವನು ಇಂಥವನೆಂಬ ಗುರುತನ್ನು ಕೆಡಿಸುವುದಿಲ್ಲ. ಆಟವೂ ಹಾಗೆಯೇ ನಿಯಮದ ಪರಿಣಾಮವನ್ನು ಹಿಗ್ಗಿಸಿದೆ. ಅದರ ದಿಕ್ಕನ್ನು ತಪ್ಪಿಸಿಲ್ಲ.

ಇದು ಬರಿಯ ಆಟದ ಮಾತಲ್ಲ. ನೆಲವೂ ಗಾಳಿಯೂ ಇಲ್ಲದ ಬಾಹ್ಯಾಕಾಶದಲ್ಲಿ ದೂರದರ್ಶಕವನ್ನು ಒಂದು ನಕ್ಷತ್ರದ ಕಡೆಗೆ ತಿರುಗಿಸುವುದು ಹೇಗೆ? ಒಳಗಿಟ್ಟ ಭಾರದ ಚಕ್ರವೊಂದನ್ನು ಒಂದು ದಿಕ್ಕಿಗೆ ಸುತ್ತಿಸಿದರೆ ದೂರದರ್ಶಕ ಮೆಲ್ಲನೆ ಎದುರು ದಿಕ್ಕಿಗೆ ತಿರುಗುತ್ತದೆ. ೧೯೯೦ರಲ್ಲಿ ಕಕ್ಷೆ ಸೇರಿದ ಹಬಲ್ ದೂರದರ್ಶಕದಲ್ಲಿಯೂ ೨೦೦೯ರಲ್ಲಿ ಹಾರಿಸಿದ ಕೆಪ್ಲರ್ ದೂರದರ್ಶಕದಲ್ಲಿಯೂ ಇಂಥ ಚಕ್ರಗಳನ್ನೇ ಇರಿಸಿದ್ದರು. ಕೆಪ್ಲರಿನ ನಾಲ್ಕು ಚಕ್ರಗಳಲ್ಲಿ ಒಂದು ೨೦೧೨ರಲ್ಲಿ, ಇನ್ನೊಂದು ೨೦೧೩ರಲ್ಲಿ ಕೆಟ್ಟು ನಿಂತುದರಿಂದ ಅದರ ಮೊದಲ ಕಾರ್ಯಕ್ರಮವೇ ಮುಕ್ತಾಯಗೊಂಡಿತು. ನ್ಯೂಟನ್ ಬಿಲ್ಲನು ಹೆಬ್ಬೆರಳಿನ ಒತ್ತಿಗೆ ಮಾಡುವ ಲಾಗವೂ ಈ ಮಹಾಯಂತ್ರಗಳ ಓಲಾಟವೂ ಒಂದೇ ನಿಯಮದ ಮಕ್ಕಳು.

ಚಂದ್ರನ ಬೀಗ ತೆರೆದಾಗ

ನಾಣ್ಯಗಳನ್ನು ಕೂಡಿಸಿ ಚಂದ್ರನ ರಂಗವನ್ನು ತೆರೆದವನಿಗೆ ಮೊದಲ ದಿನ ಸೋಲೇ ಗಟ್ಟಿ. ಹಳ್ಳಿಗಾಡಿನಲ್ಲಿ ಪಳಗಿದ ಕೈ ಅಲ್ಲಿ ತಪ್ಪುತ್ತದೆ. ಏಕೆಂಬುದನ್ನು ನಿಜವಾದ ಚಂದ್ರನ ಅಂಕಿಗಳಿಂದ ತಿಳಿಯಬಹುದು. ಭೂಮಿಯ ಮೇಲೆ ಗುರುತ್ವದ ವೇಗೋತ್ಕರ್ಷ ೯.೮, ಚಂದ್ರನ ಮೇಲೆ ೧.೬೨. ಸೆಕೆಂಡಿಗೆ ೫ ಮೀಟರು ವೇಗದಿಂದ ಮೇಲಕ್ಕೆ ಚಿಮ್ಮಿದ ಗಾಡಿ ಭೂಮಿಯಲ್ಲಿ ಸುಮಾರು ೧ ಸೆಕೆಂಡು ಗಾಳಿಯಲ್ಲಿರುತ್ತದೆ. ಚಂದ್ರನಲ್ಲಿ ಸುಮಾರು ೬ ಸೆಕೆಂಡು ಮೇಲೆ ತೇಲುತ್ತದೆ. ಚಿಮ್ಮುವಾಗ ಗಾಡಿಗೆ ಸೆಕೆಂಡಿಗೆ ಕಾಲು ಸುತ್ತಿನಷ್ಟು ತಿರುಗು ಬಂದಿದ್ದರೆ ಭೂಮಿಯಲ್ಲಿ ಅದು ಕಾಲು ಸುತ್ತು ತಿರುಗಿ ನೆಲಕ್ಕೆ ಬಡಿಯುವುದು; ಚಂದ್ರನಲ್ಲಿ ಒಂದೂವರೆ ಸುತ್ತು ತಿರುಗಿ ನೆಟ್ಟಗೆ ತಲೆಕೆಳಗಾಗಿ ಇಳಿಯುವುದು!

ಬ್ರೇಕಿನದೂ ಇದೇ ಕಥೆ. ನೆಲದ ಘರ್ಷಣೆ ಗಾಡಿಯ ತೂಕವನ್ನು ಅವಲಂಬಿಸಿದೆ. ಚಂದ್ರನಲ್ಲಿ ತೂಕ ಆರನೆಯ ಒಂದು ಭಾಗ. ಗಾಡಿಯ ಜಡತ್ವ ಮಾತ್ರ ಎಲ್ಲಿಯೂ ಒಂದೇ. ಘರ್ಷಣೆಯ ಗುಣಾಂಕ ೦.೫ ಎಂದು ಹಿಡಿದರೆ, ಸೆಕೆಂಡಿಗೆ ೧೦ ಮೀಟರು ವೇಗದ ಗಾಡಿ ಭೂಮಿಯಲ್ಲಿ ೧೦ ಮೀಟರಿನೊಳಗೇ ಹೆಚ್ಚುಕಡಮೆ ನಿಲ್ಲುತ್ತದೆ. ಚಂದ್ರನಲ್ಲಿ ನಿಲ್ಲಲು ಸುಮಾರು ೬೨ ಮೀಟರು ಬೇಕು. ೧೯೭೧ರಲ್ಲಿ ಅಪೊಲೊ ೧೫ರ ಯಾತ್ರಿಕರು ಚಂದ್ರನ ಮೇಲೆ ಮೊದಲ ಬಾರಿಗೆ ಗಾಡಿ ಓಡಿಸಿದರು. ಭೂಮಿಯಲ್ಲಿ ೨೧೦ ಕಿಲೊಗ್ರಾಂ ತೂಗುತ್ತಿದ್ದ ಆ ಗಾಡಿಗೆ ತಂತಿಯ ಹೆಣಿಗೆಯ ನಾಲ್ಕು ಚಕ್ರಗಳು, ಪ್ರತಿ ಚಕ್ರಕ್ಕೂ ಒಂದೊಂದು ವಿದ್ಯುತ್ ಮೋಟಾರು. ೧೯೭೨ರ ಏಪ್ರಿಲಿನಲ್ಲಿ ಅಪೊಲೊ ೧೬ರ ಜಾನ್ ಯಂಗ್ ಅಂಥದೇ ಗಾಡಿಯನ್ನು ಪರೀಕ್ಷೆಗಾಗಿ ಓಡಿಸಿದಾಗ ಚಾರ್ಲ್ಸ್ ಡ್ಯೂಕ್ ಚಿತ್ರೀಕರಿಸಿಕೊಂಡರು. ಚಕ್ರಗಳು ನೆಲ ಬಿಟ್ಟು ಪುಟಿಯುವುದನ್ನೂ ಧೂಳು ಕಮಾನಾಗಿ ಹಾರಿ ಬೀಳುವುದನ್ನೂ ಆ ಚಿತ್ರದಲ್ಲಿ ಇಂದಿಗೂ ಕಾಣಬಹುದು.

ಇಲ್ಲಿ ಬೀಗದ ಒಂದು ಒಳ್ಳೆಯ ಗುಣವನ್ನು ಗಮನಿಸಬೇಕು. ಹಿಮದ ರಂಗದಲ್ಲಿ ಬದಲಾದುದು ನೆಲದ ಹಿಡಿತ. ಚಂದ್ರನ ರಂಗದಲ್ಲಿ ಬದಲಾದುದು ಗುರುತ್ವ. ಪ್ರಯೋಗಶಾಲೆಯಲ್ಲಿ ನಾವು ಉಳಿದೆಲ್ಲವನ್ನು ಹಾಗೆಯೇ ಇರಿಸಿ ಒಂದೊಂದೇ ಅಂಶವನ್ನು ಬದಲಿಸಿ ನೋಡುತ್ತೇವೆ. ಆಟದ ರಂಗಗಳೂ ಒಂದರ ಅನಂತರ ಒಂದು ತೆರೆದುಕೊಂಡಾಗ ಬೆರಳುಗಳು ತಮಗರಿವಿಲ್ಲದೆಯೇ ಅದೇ ಪಾಠವನ್ನು ಕಲಿಯುತ್ತವೆ. ಎಲ್ಲ ಬಾಗಿಲುಗಳೂ ಮೊದಲ ದಿನವೇ ತೆರೆದಿದ್ದರೆ ಕಲಿಕೆಗೆ ಮೆಟ್ಟಿಲೇ ಇರುತ್ತಿರಲಿಲ್ಲ.

ಬೀಗದ ಪೂರ್ವಕಥೆ

ಹಾಗಿದ್ದರೂ ಬೀಗ ಹುಟ್ಟಿದುದು ಪಾಠ ಹೇಳುವ ಉದ್ದೇಶವೊಂದರಿಂದಲೇ ಅಲ್ಲ. ೧೯೭೪ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ‘ಗ್ರಾನ್ ಟ್ರಾಕ್ ೧೦’ ಎಂಬ ಕಾರು ಪಂದ್ಯದ ಯಂತ್ರವನ್ನು ಹೊರತಂದಿತು. ಕಪಾಟಿನಂಥ ಆ ಯಂತ್ರಕ್ಕೆ ನಾಣ್ಯ ಹಾಕಿದರೆ ಗೊತ್ತಾದಷ್ಟು ಹೊತ್ತು ಆಟ. ಬೇಗ ಮುಗಿದಷ್ಟೂ ಯಂತ್ರದ ಒಡೆಯನಿಗೆ ಲಾಭ. ಆದುದರಿಂದ ಅಲ್ಲಿ ಬೀಗದ ಅಗತ್ಯವಿರಲಿಲ್ಲ, ಗಡಿಯಾರವೇ ಸಾಕಾಗಿತ್ತು.

ಅನಂತರ ಆಟಗಳು ಮನೆಯ ಟೆಲಿವಿಷನ್ನಿಗೆ ಬಂದವು. ಗ್ರಾಹಕನು ಪೂರ್ತಿ ಹಣವನ್ನು ಒಮ್ಮೆಗೇ ಕೊಟ್ಟು ಆಟವನ್ನು ಕೊಳ್ಳುತ್ತಿದ್ದನು. ಅದು ಎರಡೇ ದಿನಕ್ಕೆ ಬೇಸರವಾದರೆ ಕೊಟ್ಟ ಹಣ ದಂಡವೆನಿಸುತ್ತಿತ್ತು. ಆಗ ಗುರಿಗಳು ಹುಟ್ಟಿಕೊಂಡವು. ೧೯೮೩ರ ‘ಎಂಡ್ಯೂರೊ’ ಆಟದಲ್ಲಿ ಮೊದಲ ದಿನ ೨೦೦, ಮುಂದಿನ ದಿನಗಳಲ್ಲಿ ೩೦೦ ಕಾರುಗಳನ್ನು ಹಿಂದೆ ಹಾಕಬೇಕಾಗಿತ್ತು. ಇಂಥ ಐದು ದಿನಗಳನ್ನು ಪೂರೈಸಿದವನು ಪರದೆಯ ಛಾಯಾಚಿತ್ರವನ್ನು ಅಂಚೆಯಲ್ಲಿ ಕಳುಹಿಸಿದರೆ ಆ್ಯಕ್ಟಿವಿಷನ್ ಸಂಸ್ಥೆ ಅವನಿಗೆ ಬಟ್ಟೆಯ ಬಿಲ್ಲೆಯೊಂದನ್ನು ಕಳುಹಿಸಿಕೊಡುತ್ತಿತ್ತು. ೧೯೯೨ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯಿಂದ ಹೊರಬಂದ ‘ಸೂಪರ್ ಮಾರಿಯೊ ಕಾರ್ಟ್’ ಎಂಬ ವ್ಯಂಗ್ಯಚಿತ್ರ ಪಂದ್ಯದಲ್ಲಿ ಬೀಗ ಆಟದೊಳಕ್ಕೇ ಬಂದಿತು. ಅದರ ನಾಲ್ಕು ಪಾರಿತೋಷಕ ಪಂದ್ಯಗಳಲ್ಲಿ ಕೊನೆಯದೂ, ೧೫೦ ಸಿಸಿ ಎಂಬ ಅತಿವೇಗದ ವರ್ಗವೂ ಹಿಂದಿನ ಪಂದ್ಯಗಳನ್ನು ಗೆದ್ದವನಿಗೆ ಮಾತ್ರ ತೆರೆಯುತ್ತಿದ್ದವು. ೨೦೦೫ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆ ತನ್ನ ಎಕ್ಸ್‌ಬಾಕ್ಸ್ ೩೬೦ ಯಂತ್ರದಲ್ಲಿ ಎಲ್ಲ ಆಟಗಳಿಗೂ ಅನ್ವಯಿಸುವ ಸಾಧನೆಯ ಅಂಕಗಳನ್ನು ಜಾರಿಗೆ ತಂದಿತು.

ಮೂರನೆಯ ಘಟ್ಟ ಮೊಬೈಲ್ ಫೋನಿನದು. ನ್ಯೂಟನ್ ಬಿಲ್ಲನ ಆಟಕ್ಕೆ ಬೆಲೆಯಿಲ್ಲ. ನಡುನಡುವೆ ಬರುವ ಜಾಹೀರಾತುಗಳಿಂದಲೂ, ಕಾಯಲಾರದವರು ಹಣ ಕೊಟ್ಟು ಕೊಳ್ಳುವ ನಾಣ್ಯಗಳಿಂದಲೂ ಅದರ ಆದಾಯ. ಆದುದರಿಂದ ಇಲ್ಲಿ ಆಟಗಾರನು ನಾಳೆಯೂ ನಾಡಿದ್ದೂ ಮರಳಿ ಬರುವುದು ಮುಖ್ಯ. ಬೀಗದ ಸ್ವರೂಪವೂ ಬದಲಾಯಿತು. ಮಾರಿಯೊ ಕಾರ್ಟಿನದು ಕುಶಲತೆಯ ಬೀಗ: ಗೆಲ್ಲಲು ಕಲಿಯದೆ ಅದು ತೆರೆಯದು. ನಾಣ್ಯದ ಬೀಗವಾದರೋ ಸಂಚಯದ ಬೀಗ: ಕುಶಲಿಯಾದವನಿಗೆ ಬೇಗ ತೆರೆದೀತು, ಕುಶಲಿಯಲ್ಲದವನಿಗೂ ಹೊತ್ತು ಕಳೆದರೆ ತೆರೆದೇ ತೆರೆಯುತ್ತದೆ. ಮೊದಲನೆಯದು ಕಲಿಕೆಯನ್ನು ಬೇಡುತ್ತದೆ. ಎರಡನೆಯದು ಕಾಲವನ್ನು ಬೇಡುತ್ತದೆ.

ಮನಸ್ಸಿನ ಇಳಿಜಾರು

ಸಂಜೆ ಹೊಲದಿಂದ ಹಿಂತಿರುಗುವ ಎತ್ತುಗಳು ಊರು ಹತ್ತಿರವಾದಂತೆ, ಬಾರುಕೋಲು ತಾಗದೆಯೇ, ಹೆಜ್ಜೆಯನ್ನು ಬಿರುಸುಗೊಳಿಸುವುದನ್ನು ರೈತರು ಬಲ್ಲರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ ಇದಕ್ಕೆ ೧೯೩೨ರಲ್ಲಿ ಶಾಸ್ತ್ರದ ರೂಪ ಕೊಟ್ಟನು. ಗುರಿ ಸಮೀಪಿಸಿದಂತೆ ಪ್ರಯತ್ನ ತೀವ್ರವಾಗುತ್ತದೆ ಎಂಬುದು ಅವನ ವಾದ. ಉದ್ದನೆಯ ಓಣಿಯಲ್ಲಿ ಓಡಿಸಿದ ಇಲಿಗಳು ಆಹಾರವಿದ್ದ ಕೊನೆಗೆ ಹತ್ತಿರವಾದಂತೆ ವೇಗವನ್ನು ಹೆಚ್ಚಿಸಿಕೊಂಡವು. ಮನಸ್ಸಿಗೂ ಒಂದು ಇಳಿಜಾರುಂಟು. ಅದರ ತಳದಲ್ಲಿ ಗುರಿ ಕುಳಿತಿರುತ್ತದೆ.

ಮನುಷ್ಯನ ವಿಷಯದಲ್ಲಿ ೨೦೦೬ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬಹು ಸ್ವಾರಸ್ಯವಾದುದು. ಜೋಸೆಫ್ ನೂನ್ಸ್ ಮತ್ತು ಜೇವಿಯರ್ ಡ್ರೆಜ್ ಎಂಬ ಸಂಶೋಧಕರು ಕಾರು ತೊಳೆಯುವ ಅಂಗಡಿಯೊಂದರ ೩೦೦ ಗಿರಾಕಿಗಳಿಗೆ ಚೀಟಿಗಳನ್ನು ಹಂಚಿಸಿದರು. ಪ್ರತಿ ಸಲ ಕಾರು ತೊಳೆಸಿದಾಗಲೂ ಚೀಟಿಗೆ ಒಂದು ಮುದ್ರೆ. ಚೀಟಿ ತುಂಬಿದರೆ ಒಂದು ಸಲ ಪುಕ್ಕಟೆ. ಅರ್ಧ ಮಂದಿಯ ಚೀಟಿಯಲ್ಲಿ ಎಂಟು ಮನೆಗಳು, ಎಲ್ಲವೂ ಖಾಲಿ. ಇನ್ನರ್ಧ ಮಂದಿಯ ಚೀಟಿಯಲ್ಲಿ ಹತ್ತು ಮನೆಗಳು, ಆದರೆ ಎರಡಕ್ಕೆ ಮೊದಲೇ ಮುದ್ರೆ ಬಿದ್ದಿತ್ತು. ಇಬ್ಬರೂ ತೊಳೆಸಬೇಕಾದುದು ಎಂಟೇ ಸಲ. ಆದರೂ ಮೊದಲ ಗುಂಪಿನಲ್ಲಿ ಚೀಟಿ ತುಂಬಿಸಿದವರು ನೂರಕ್ಕೆ ೧೯ ಮಂದಿ. ಎರಡನೆಯ ಗುಂಪಿನಲ್ಲಿ ೩೪ ಮಂದಿ. ಕೆಲಸ ಆಗಲೇ ಆರಂಭವಾಗಿದೆ ಎಂಬ ಭಾವನೆಯೊಂದೇ ಇಷ್ಟು ವ್ಯತ್ಯಾಸವನ್ನು ತಂದಿತು.

ಬೀಗವೊಂದು ತೆರೆದ ಕ್ಷಣವೇ ಆಟವನ್ನು ಬಿಟ್ಟೇಳಲು ಸಹಜವಾದ ಕ್ಷಣ. ಗುರಿ ಸೇರಿದ ಮೇಲೆ ಇಳಿಜಾರು ಮುಗಿಯಿತಷ್ಟೆ. ಆದರೆ ಅಷ್ಟರಲ್ಲಿ ಮುಂದಿನ ಬೀಗ ತನ್ನ ಬೆಲೆಯನ್ನು ಹೊತ್ತು ಕಣ್ಣೆದುರಿಗಿರುತ್ತದೆ. ಚೀಲದಲ್ಲಿ ಮಿಕ್ಕ ಒಂದಿಷ್ಟು ನಾಣ್ಯ, ಮೊದಲೇ ಬಿದ್ದ ಆ ಎರಡು ಮುದ್ರೆಗಳಂತೆ, ‘ಆಗಲೇ ಇಷ್ಟಾಗಿದೆ’ ಎನ್ನುತ್ತದೆ. ಹೀಗೆ ಒಂದು ಇಳಿಜಾರಿನ ತಳವೇ ಇನ್ನೊಂದರ ನೆತ್ತಿಯಾಗುತ್ತದೆ.

ಬೆಲೆಯ ಏರಿಕೆಯಲ್ಲಿಯೂ ಗಣಿತವಿದೆ. ಉದಾಹರಣೆಗೆಂದು ಒಂದು ಆಟವನ್ನು ಕಲ್ಪಿಸಿಕೊಳ್ಳೋಣ. ಮೊದಲ ಬೀಗಕ್ಕೆ ಬೇಕಾದ ನಾಣ್ಯಗಳನ್ನು ನಾಲ್ಕು ಓಟಗಳಲ್ಲಿ ಗಳಿಸಬಹುದು. ಮುಂದೆ ಪ್ರತಿ ಬೀಗದ ಬೆಲೆ ಒಂದೂವರೆ ಮಡಿ ಏರುತ್ತದೆ. ಗಾಡಿ ಬಲಗೊಂಡಂತೆ ಒಂದು ಓಟದ ಗಳಿಕೆ ೧.೨ ಮಡಿ ಮಾತ್ರ ಏರುತ್ತದೆ. ಆಗ ಒಂದೊಂದು ಬೀಗಕ್ಕೂ ಬೇಕಾಗುವ ಓಟಗಳ ಸಂಖ್ಯೆ ೧.೨೫ ಮಡಿಯಂತೆ ಬೆಳೆಯುತ್ತದೆ. ಹನ್ನೊಂದನೆಯ ಬೀಗಕ್ಕೆ ಬೇಕಾದುದು ೩೭ ಓಟ. ಮೊದಲಿನಿಂದ ಒಟ್ಟು ಸುಮಾರು ೧೭೦ ಓಟ. ಓಟವೊಂದಕ್ಕೆ ಎರಡು ನಿಮಿಷವೆಂದರೂ ಐದು ಗಂಟೆ ನಲವತ್ತು ನಿಮಿಷ. ಒಂದು ಹೆಜ್ಜೆಗೂ ಅದರ ಹಿಂದಿನ ಹೆಜ್ಜೆಗೂ ಇರುವ ವ್ಯತ್ಯಾಸ ಅಲ್ಪವಾದುದರಿಂದ ಏರು ಕಡಿದಾಗುತ್ತಿರುವುದು ಆಟಗಾರನ ಗಮನಕ್ಕೇ ಬಾರದು. ಗುಡ್ಡದ ಏರನ್ನು ಅವನು ನೋಡಬಲ್ಲ. ಬೆಲೆಯ ಏರನ್ನು ಲೆಕ್ಕ ಹಾಕಿಯೇ ತಿಳಿಯಬೇಕು.

ಯಾವ ಗಳಿಕೆ ನಮ್ಮದು?

ಆಟವಾಡುವುದು ದೋಷವೆಂದು ಇಲ್ಲಿ ಹೇಳುತ್ತಿಲ್ಲ. ಆಟ ಬದುಕಿನ ಉಳಿದ ಕೆಲಸಗಳನ್ನೆಲ್ಲ ಹಿಂದೆ ತಳ್ಳಿ, ಹಾನಿಯಾಗುತ್ತಿದ್ದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷವಾದರೂ ಮುಂದುವರಿದಾಗ 
ಅದನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗವೆಂದು ಗಣಿಸುತ್ತದೆ. ೨೦೧೯ರಲ್ಲಿ ಅಂಗೀಕೃತವಾದ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಕೊಟ್ಟಿದೆ. ಆಡುವ ಬಹುಮಂದಿಗೆ ಆ ಮಾತು ಅನ್ವಯಿಸದು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ‘ಇನ್ನೊಂದೇ ಓಟ’ ಎಂದುಕೊಂಡು ಗಂಟೆಯೊಂದನ್ನು ನೀಗಿಕೊಳ್ಳಲು ರೋಗಿಯೇ ಆಗಿರಬೇಕೆಂದಿಲ್ಲ.

ಆಟದಲ್ಲಿ ಎರಡು ಗಳಿಕೆಗಳು ಜೊತೆಜೊತೆಯಾಗಿ ಬೆಳೆಯುತ್ತವೆ. ಬಲಗೊಂಡ ಎಂಜಿನ್ನು, ತೆರೆದ ರಂಗಗಳು, ರಾಶಿ ಬಿದ್ದ ನಾಣ್ಯಗಳು, ಇವು ಒಂದು ಬಗೆ. ಇವು ಇರುವುದು ಯಂತ್ರದ ನೆನಪಿನಲ್ಲಿ. ಆ ನೆನಪು ಅಳಿಸಿಹೋದರೆ ಇವೂ ಹೋದವು. ಏರಿನ ಬುಡದಲ್ಲಿ ವೇಗ ಕೂಡಿಸುವ ವಿವೇಕ, ಗಾಳಿಯಲ್ಲಿ ಗಾಡಿಯನ್ನು ನೇರಮಾಡುವ ಹದ, ಚಂದ್ರನಲ್ಲಿ ಮುಂಚಿತವಾಗಿ ಬ್ರೇಕು ಒತ್ತುವ ಅಂದಾಜು, ಇವು ಇನ್ನೊಂದು ಬಗೆ. ಇವು ಇರುವುದು ಆಟಗಾರನಲ್ಲಿ. ಯಾವುದೇ ಬೀಗದ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದನ್ನು ತೆರೆಯಲು ನಾನು ಹೊಸದಾಗಿ ಏನನ್ನಾದರೂ ಕಲಿಯಬೇಕೆ, ಅಥವಾ ಹೊತ್ತನ್ನಷ್ಟೇ ತೆರಬೇಕೆ?

ಕೊನೆಯದಾಗಿ, ವಿದ್ಯಾರ್ಥಿಗಳಿಗೆ ಒಂದು ಸುಲಭವಾದ ಪ್ರಯೋಗವನ್ನು ಸೂಚಿಸಬಹುದು. ಬಿಡುವಿನ ದಿನ ಆಡಲು ಕೂರುವಾಗ ಪಕ್ಕದಲ್ಲಿ ಒಂದು ಕಾಗದವನ್ನಿಟ್ಟುಕೊಳ್ಳಿ. ಪ್ರತಿ ಓಟದ ಕೊನೆಯಲ್ಲಿ ಕ್ರಮಿಸಿದ ದೂರ, ಮುಂದಿನ ಬೀಗಕ್ಕೆ ಇನ್ನೂ ಬೇಕಾದ ನಾಣ್ಯ, ಆಟವನ್ನು ನಿಲ್ಲಿಸುವ ಮನಸ್ಸು ಇದೆಯೆ ಇಲ್ಲವೆ, ಈ ಮೂರನ್ನು ಬರೆಯಿರಿ. ಮೂರನೆಯ ಅಂಕಣವನ್ನು ಎರಡನೆಯದರೊಡನೆ ಹೋಲಿಸಿದರೆ ಹಲ್ಲನ ಇಲಿಗಳ ಓಣಿ ನಿಮ್ಮಲ್ಲಿಯೂ ಇದೆಯೆ ಎಂಬುದು ನಿಮಗೇ ತಿಳಿಯುತ್ತದೆ. ಏರಿನ ನಡುವೆ ಬ್ರೇಕು ಹಾಕುವುದು ಕಷ್ಟ, ಅದಕ್ಕೆ ಮೊದಲೇ ಸಿದ್ಧನಾಗಿರಬೇಕು ಎಂಬ ಪಾಠವನ್ನು ಆಟವೇ ಕಲಿಸಿದೆ. ಆಡುವ ಹೊತ್ತಿನ ಮಿತಿಯನ್ನೂ ಆರಂಭದಲ್ಲಿಯೇ, ಬೀಗವನ್ನು ನೋಡಿಯಲ್ಲ, ಗಡಿಯಾರವನ್ನು ನೋಡಿ ಗೊತ್ತುಮಾಡಿಕೊಳ್ಳಿ. ಹಾಗೆ ಮಾಡಿದವನ ಕೈಯಲ್ಲಿ ನ್ಯೂಟನ್ ಬಿಲ್ಲನ ಜೀಪು ಬಹುಕಾಲ ಸಂತೋಷವಾಗಿ ಓಡುವುದು. ಮರುದಿನದ ಪಾಠವೂ ಹಿಂದುಳಿಯದು.